ಗಾಯದ ಡ್ರಮ್ಮು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಡ್ರಮ್ಮು ನೀಲಿ ಬಣ್ಣದ್ದು ಎಂದು ನನ್ನ ನೆನಪು. ಚಿಕ್ಕಮ್ಮ ಬಿಳಿ ಎನ್ನುತ್ತಾಳೆ. ಅವಳ ಮಣಿಕಟ್ಟು ಮುರಿದದ್ದು ಡ್ರಮ್ಮು ಉರುಳಿದ ಮೇಲೆ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ; ಅದಕ್ಕೆ ಮೊದಲೇ ಇದ್ದರೂ ಇರಬಹುದು. ದಿನಚರಿ ಬರೆಯುವ ಅಭ್ಯಾಸ ನನಗೆ ಹೈಸ್ಕೂಲಿನಿಂದ ಇದೆ. ಬಸ್ಸಿನಲ್ಲಿ ಯಾರೋ ಕಾಲು ತುಳಿದದ್ದನ್ನೂ ಬಿಡದೆ ಬರೆಯುವವಳು ಆ ಒಂದು ವಾರ ಮಾತ್ರ ಪೆನ್ನು ಮುಟ್ಟಿಲ್ಲ. ಹಾಗಾಗಿ ನನ್ನ ತಲೆ ಹೇಳಿದ್ದನ್ನೇ ನಂಬಬೇಕು. ಅದನ್ನು ಪೂರ್ತಿ ನಂಬಲು ಧೈರ್ಯವಿಲ್ಲ.

ಮೊನ್ನೆ ನಮ್ಮ ಕಟ್ಟಡದ ಮೆಟ್ಟಿಲು ತೊಳೆಯುವ ಹೆಂಗಸು ಕಲೆ ಹೋಗಲೆಂದು ಆಸಿಡ್ ಸುರಿದಳು. ಮೂಗಿನೊಳಗೆ ಸೂಜಿ ಆಡಿಸಿದಂಥ ವಾಸನೆ. ನಾನು ಕೈಯಲ್ಲಿದ್ದ ತರಕಾರಿ ಚೀಲ ಬಿಟ್ಟು, ನೀರು ಹಾಕು, ನಿಲ್ಲಿಸಬೇಡ ಎಂದು ಕೂಗಿದೆನಂತೆ. ಅವಳು ಗಾಬರಿಯಾಗಿ, "ಯಾಕಕ್ಕ, ಯಾರ್ ಮೇಲೂ ಬಿದ್ದಿಲ್ವಲ್ಲ" ಅಂದಳು. ಟೊಮೆಟೊ ಮೆಟ್ಟಿಲಿಳಿದು ಉರುಳುತ್ತಿತ್ತು. ನಾನು ಮನಸ್ಸಿನಲ್ಲಿ ಮತ್ತೆ ಪೀಣ್ಯದ ಆ ಗಲ್ಲಿಯಲ್ಲಿ ನಿಂತಿದ್ದೆ.

ಅದು ಬೆಂಗಳೂರಿನ ಬೋರ್‌ವೆಲ್‌ಗಳು ಒಂದರ ಹಿಂದೊಂದು ಒಣಗಿದ ಬೇಸಿಗೆ. ಇತಿಹಾಸದಲ್ಲಿ ಎಂ.ಎ. ಮುಗಿಸಿ, ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ನಾನು ರಜೆಯಲ್ಲಿ ಮಾಕಳಿಯ ಚಿಕ್ಕಮ್ಮನ ಮನೆಗೆ ಬಂದು ಉಳಿದಿದ್ದೆ. ಚಿಕ್ಕಮ್ಮ ಅಂದರೆ ಅಮ್ಮನ ತಂಗಿ ಪ್ರೇಮಲತಾ. ಮಿಷನ್ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ನರ್ಸಾಗಿದ್ದವಳು, ಮದುವೆಯಾಗಲಿಲ್ಲ. ಕೆಲಸ ಬಿಟ್ಟ ಮೇಲೆ ಪೀಣ್ಯದಲ್ಲಿ, ಲೋಹದ ಸಾಮಾನಿಗೆ ಹೊಳಪು ಕೊಡುವ ಸಣ್ಣ ಶೆಡ್ಡುಗಳಿದ್ದ ಗಲ್ಲಿಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು, ಕೆಲಸಗಾರರ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದಳು. ಜನ ಅದನ್ನು ಪಟ್ಟಿ ರೂಮು ಎನ್ನುತ್ತಿದ್ದರು. ಬರುವವರು ಹೆಚ್ಚಾಗಿ ರಾಯಚೂರು, ಯಾದಗಿರಿ ಕಡೆಯವರು. ಒಂದೊಂದು ಬಾಡಿಗೆ ಕೋಣೆಯಲ್ಲಿ ಒಂದೊಂದು ಸಂಸಾರ.

ರೂಮಿನೊಳಗೆ ಒಂದು ಮಂಚ, ಒಂದು ಕಪಾಟು, ಗೋಡೆಯ ಮೇಲೆ ಮರದ ಶಿಲುಬೆ. ಮೂವರು ನಿಂತರೆ ಉಸಿರು ಕಟ್ಟುತ್ತಿತ್ತು. ಆದ್ದರಿಂದ ಗಾಯ ತೊಳೆಯುವುದು ಹೊರಗೆ, ಬಾಗಿಲ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ. ಕಲ್ಲಿನ ಪಕ್ಕ ಒಂದು ದೊಡ್ಡ ಪ್ಲಾಸ್ಟಿಕ್ ಡ್ರಮ್ಮು. ಗಲ್ಲಿಯಲ್ಲಿ ನಲ್ಲಿ ಬತ್ತಿ ಹೋಗಿ, ಟ್ಯಾಂಕರ್ ಬಂದಾಗಷ್ಟೇ ನೀರು. ಆ ಡ್ರಮ್ಮಿನ ನೀರು ಗಾಯಕ್ಕೆ ಮಾತ್ರ ಎಂದು ಚಿಕ್ಕಮ್ಮ ಕಟ್ಟುನಿಟ್ಟು ಮಾಡಿದ್ದಳು. ಬಾಯಾರಿ ಬಂದವರಿಗೆ ತನ್ನ ಬಾಟಲಿ ಕೊಡುತ್ತಿದ್ದಳೇ ಹೊರತು ಅದರ ಮುಚ್ಚಳ ತೆಗೆಯುತ್ತಿರಲಿಲ್ಲ.

ಇನ್ನೊಂದು ಕಟ್ಟುನಿಟ್ಟಿತ್ತು. ಯಾರೇ ಬರಲಿ, ಮುಟ್ಟುವ ಮುಂಚೆ ಅದೇ ಮಾತು. "ನಾನು ಯೇಸುವಿನ ಹೆಸರಲ್ಲಿ ಈ ಕೆಲಸ ಮಾಡೋಳು. ಗಟ್ಟಿಯಾಗಿ ಪ್ರಾರ್ಥನೆ ಮಾಡ್ತೀನಿ. ನಿನಗೆ ಬೇಡ ಅಂದ್ರೆ ಹೇಳು, ಮನಸ್ಸಲ್ಲೇ ಮಾಡ್ಕೋತೀನಿ. ಪಟ್ಟಿ ಇಬ್ಬರಿಗೂ ಒಂದೇ." ಬೇಡ ಎಂದವರಿದ್ದರು. ಅವರೆದುರು ಅವಳ ತುಟಿ ಅಲುಗುತ್ತಿರಲಿಲ್ಲ. ಹೆಚ್ಚಿನವರು ಮಾಡ್ರಿ ಮಾಡ್ರಿ ಎನ್ನುತ್ತಿದ್ದರು. ಒಬ್ಬನಂತೂ ಗಡಿಯಾರ ನೋಡುತ್ತಾ, "ಸಣ್ಣದೊಂದು ಮಾಡಿಬಿಡ್ರಿ ಸಿಸ್ಟರ್, ಶಿಫ್ಟಿಗೆ ಹೊತ್ತಾತು" ಅಂದಿದ್ದ. ಅವಳು ನಿಜಕ್ಕೂ ಸಣ್ಣದು ಮಾಡಿದಳು.

ವಿಶ್ವವಿದ್ಯಾಲಯದಿಂದ ಹೊಸ ಹೊಸ ಅನುಮಾನಗಳನ್ನು ಹೊತ್ತು ಬಂದಿದ್ದ ನನಗೆ ಇದು ಹಿಡಿಸುತ್ತಿರಲಿಲ್ಲ. ನೋವಿನಲ್ಲಿ ಇರುವವನು ಬೇಡ ಎನ್ನುವುದು ಹೇಗೆ ಎಂದು ವಾದಿಸಿದ್ದೆ. ಸುಮ್ಮನೆ ಪಟ್ಟಿ ಕಟ್ಟಿ ಕಳಿಸಿದರೆ ನಿನ್ನ ಯೇಸುವಿಗೆ ಬೇಜಾರಾಗುತ್ತದಾ ಎಂದೂ ಕೇಳಿದ್ದೆ. ಅವಳು ಗಾಜ್ ಬಟ್ಟೆ ಕತ್ತರಿಸುತ್ತಾ ಹೇಳಿದಳು: "ಯಾಕೆ ಮಾಡ್ತೀನಿ ಅನ್ನೋದನ್ನ ಮುಚ್ಚಿಟ್ಟು ಮಾಡಿದ್ರೆ ಅದು ಮೋಸ ಕಣೇ. ಬಾಗಿಲಲ್ಲೇ ಹೇಳಿಬಿಟ್ರೆ, ಬೇಡದವರು ಬಾಗಿಲಿಂದಲೇ ವಾಪಸ್ ಹೋಗಬಹುದು." ಯಾರಾದರೂ ನಂಬಿ ಬಂದರೆ ತನಗೆ ಸಂತೋಷ ಎನ್ನುವುದನ್ನೂ ಅವಳು ಮುಚ್ಚಿಡುತ್ತಿರಲಿಲ್ಲ. ಕೇಳಿದವರಿಗೆ ಬೈಬಲಿನ ಹೊಸ ಒಡಂಬಡಿಕೆಯ ಪುಸ್ತಕ ಕೊಡುತ್ತಿದ್ದಳು. ಆದರೆ ಅಷ್ಟು ದಿನದಲ್ಲಿ ಅವಳ ಚರ್ಚಿನ ಸಭೆಗೆ ಬಂದದ್ದು ಒಬ್ಬ ಮುದುಕ ವಾಚ್‌ಮನ್ ಮಾತ್ರ. ಅವನೂ ಕ್ರಿಸ್‌ಮಸ್ ಕೇಕಿಗೆ ಬರುತ್ತಾನೆ ಎಂದು ಅವಳೇ ನಗುತ್ತಿದ್ದಳು.

ಆ ಬೇಸಿಗೆಯಲ್ಲಿ ಎಲ್ಲರೂ ಯಾರನ್ನೋ ಹೊಡೆಯುತ್ತಿದ್ದರು ಎಂದು ನನಗೆ ಅನ್ನಿಸುತ್ತದೆ. ಇದು ನನ್ನ ನೆನಪು ಆಮೇಲೆ ಮಾಡಿಕೊಂಡ ಕಲ್ಪನೆಯೂ ಇರಬಹುದು. ಆದರೆ ಟ್ಯಾಂಕರ್ ಬಂದ ದಿನ ಕೊಡದಿಂದ ಕೊಡಕ್ಕೆ ಹೊಡೆದಾಟ ಆಗುತ್ತಿದ್ದುದು ನಿಜ. ಒಬ್ಬಳು ಹಣೆ ಸೀಳಿಕೊಂಡು ಬಂದಳು. ಅವಳ ಹಿಂದೆಯೇ ಅವಳನ್ನು ಹೊಡೆದವಳೂ ಬಂದಳು, ಮುಂಗೈಯಲ್ಲಿ ಹಲ್ಲಿನ ಗುರುತು. ಇವಳ ಪಕ್ಕ ಕೂರೋದಿಲ್ಲ ಎಂದು ಮೊದಲನೆಯವಳು ಹಟ ಹಿಡಿದಾಗ ಚಿಕ್ಕಮ್ಮ, ಹಾಗಾದರೆ ನಿಂತುಕೋ, ನಿಂತವರಿಗೂ ರಕ್ತ ಸುರಿಯುತ್ತದೆ ಎಂದಳು. ಪ್ರೆಸ್ ಮಿಷಿನ್ನಿನಡಿ ಕೈ ಕೊಟ್ಟವನೊಬ್ಬ ತನ್ನ ಎರಡು ಬೆರಳನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದ. ಡಬ್ಬಿಯಲ್ಲಿ ಇನ್ನೂ ಚಿತ್ರಾನ್ನದ ಅಗುಳುಗಳಿದ್ದವು. ತಾಮ್ರದ ತಂತಿ ಕದ್ದನೆಂದು ಕಂಬಕ್ಕೆ ಕಟ್ಟಿಸಿಕೊಂಡು ಹೊಡೆಸಿಕೊಂಡವನ ಬೆನ್ನು ನೋಡಿ ನಾನು ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿದೆ. ಗಂಡ ಒದ್ದು ಪಕ್ಕೆಲುಬು ಮುರಿದವಳು, ಬಾಗಿಲು ತಾಗಿತು ಎಂದಳು. ಯಾವ ಬಾಗಿಲು, ಅದರ ಹೆಸರೇನು ಎಂದು ಚಿಕ್ಕಮ್ಮ ಕೇಳಿದಾಗ ಅವಳು ನಗಲು ಹೋಗಿ ಪಕ್ಕೆ ಹಿಡಿದುಕೊಂಡಳು.

ಹೀಗಿರುವಾಗ ಒಬ್ಬ ಹುಡುಗನಿಗೆ ಅವನ ಸೂಪರ್‌ವೈಸರ್ ಸ್ಪ್ಯಾನರ್‌ನಿಂದ ತಲೆಗೆ ಹೊಡೆದಿದ್ದ. ಕೂದಲ ತುಂಬ ರಕ್ತ, ಲೋಹದ ಪುಡಿ. ಚಿಕ್ಕಮ್ಮ ಅವನನ್ನು ಕಲ್ಲಿನ ಮೇಲೆ ಕೂರಿಸಿ, ತಲೆ ಬಗ್ಗಿಸಿ, ಗಟ್ಟಿಯಾಗಿ ಪ್ರಾರ್ಥಿಸುತ್ತಾ ಮಗ್ಗಿನ ಮೇಲೆ ಮಗ್ಗು ನೀರು ಹೊಯ್ದಳು. ಎದುರು ಮಹಡಿಯಿಂದ ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಆ ಎತ್ತರದಿಂದ ಗಾಯ ಕಾಣುವುದಿಲ್ಲ. ಬಗ್ಗಿದ ತಲೆ, ಮೇಲಿಂದ ಬೀಳುವ ನೀರು, ಕಣ್ಣು ಮುಚ್ಚಿ ಯೇಸುವೇ ಎನ್ನುವ ಹೆಂಗಸು, ಇಷ್ಟೇ ಕಾಣುತ್ತದೆ. ಹಾಡಹಗಲೇ ನಡುಬೀದಿಯಲ್ಲಿ ಮತಾಂತರ ಎಂಬ ತಲೆಬರಹದೊಂದಿಗೆ ಅದು ಸುತ್ತಮುತ್ತಲಿನ ಊರುಗಳ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಚಿಕ್ಕಮ್ಮನಿಗೆ ತೋರಿಸಿದಾಗ ಅವಳು ಮೊದಲು ನಕ್ಕಳು. "ನೀರು ಹೊಯ್ದು ದೀಕ್ಷಾಸ್ನಾನ ಕೊಡೋಕೆ ಚರ್ಚಿನ ಅಯ್ಯನವರೇ ಆಗಬೇಕು ಕಣೇ. ನನಗೆ ಪರಲೋಕದಲ್ಲೂ ಆ ಕೆಲಸ ಕೊಡಲ್ಲ."

ಎರಡು ಮೂರು ದಿನ ಬಿಟ್ಟು ಗಂಗರಾಜು ಬಂದ. ಅವನ ಮನೆತನ ಆ ಜಾಗ ಹೊಲವಾಗಿದ್ದ ಕಾಲದಿಂದ ಅಲ್ಲಿಯದು. ಈಗ ಅದೇ ಜಮೀನಿನ ಮೇಲೆ ಸಾಲು ಕೋಣೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಪಟ್ಟಿ ರೂಮು ಅವನದೇ. ಅವನ ತಾಯಿ ಹನುಮಕ್ಕನ ಕಾಲಿನ ಸಕ್ಕರೆ ಕಾಯಿಲೆ ಹುಣ್ಣಿಗೆ ಚಿಕ್ಕಮ್ಮ ವಾರ ವಾರ ಹೋಗಿ ಪಟ್ಟಿ ಹಾಕುತ್ತಿದ್ದಳು, ಆದ್ದರಿಂದ ಮಾತು ಮರ್ಯಾದೆಯಿಂದಲೇ ಶುರುವಾಯಿತು.

"ನೋಡಿ ಸಿಸ್ಟರಮ್ಮ, ನಮ್ಮವ್ವನ ಕಾಲು ಉಳ್ಸಿದೀರ, ಇಲ್ಲ ಅನ್ನಲ್ಲ. ಆದ್ರೆ ಇಂಗೆ ಬೀದೀಲಿ ತಲೆ ಮೇಲೆ ನೀರು ಉಯ್ದು ಪ್ರಾರ್ಥನೆ ಮಾಡೋದು ಬ್ಯಾಡ. ಹುಡುಗ್ರು ಬಿಸಿಯಾಗವ್ರೆ. ಮನ್ಸಲ್ಲೇ ಮಾಡ್ಕತೀನಿ ಅಂತ ನೀವೇ ಯೋಳ್ತೀರಂತಲ್ಲ, ಅಂಗೇ ಮಾಡ್ಕಳಿ."

ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತಾ, "ಅದು ಗಾಯ ಆದವನು ಕೇಳೋ ಮಾತು ಗಂಗರಾಜು, ನೀನು ಕೇಳೋದಲ್ಲ" ಅಂದಳು. ಅವನು ಚಪ್ಪಡಿ ಕಲ್ಲನ್ನು ಕಾಲಿನಿಂದ ಅಲುಗಾಡಿಸಿ ನೋಡಿ, ಹೊರಟುಹೋದ. ಆವತ್ತು ರಾತ್ರಿ ಊಟಕ್ಕೆ ಕೂತಾಗ, ಸ್ವಲ್ಪ ದಿನ ರೂಮು ಮುಚ್ಚೋಣ ಎಂದು ನಾನು ಅವಳ ಕೈ ಹಿಡಿದು ಕೇಳಿದೆ. ಮುಚ್ಚಿದರೆ ಗಾಯಗಳು ಕಾಯುತ್ತವಾ ಎಂದು ಅವಳು ಕೇಳಿದಳು.

ಶರಣಪ್ಪನನ್ನು ಕರೆದುಕೊಂಡು ಬಂದದ್ದು ಒಂದು ಮಧ್ಯಾಹ್ನ. ಅವನು ಸುರಪುರದ ಕಡೆಯವನು, ನಾಲ್ಕನೇ ಶೆಡ್ಡಿನಲ್ಲಿ ಕೆಲಸ. ತುಕ್ಕು ತೆಗೆಯುವ ಆಸಿಡ್ ತೊಟ್ಟಿಯೊಳಗೆ ಕಬ್ಬಿಣದ ಸಾಮಾನಿನ ಬುಟ್ಟಿ ಇಳಿಸುವಾಗ ಸರಪಳಿ ಜಾರಿ, ಬುಟ್ಟಿ ಧಡಕ್ಕನೆ ಬಿದ್ದು, ಆಸಿಡ್ ಅವನ ಮುಖಕ್ಕೆ ಎರಚಿತ್ತು. ಇಬ್ಬರು ಜೊತೆಗಾರರು ಅವನನ್ನು ಎಳೆದುಕೊಂಡೇ ಬಂದರು. ಅವನು ಕೂಗುತ್ತಿದ್ದ ಕೂಗು ಮನುಷ್ಯನದಾಗಿರಲಿಲ್ಲ. ಎಡಗೆನ್ನೆಯ ಚರ್ಮ ಬೆಳ್ಳಗಾಗಿತ್ತು. ಕಣ್ಣು ಉಜ್ಜಲು ಹೋಗುತ್ತಿದ್ದ ಅವನ ಕೈಗಳನ್ನು ಚಿಕ್ಕಮ್ಮ ಜೊತೆಗಾರರಿಂದ ಹಿಂದಕ್ಕೆ ಕಟ್ಟಿದಂತೆ ಹಿಡಿಸಿದಳು.

ಮೊದಲು ನೀರು, ಆಮೇಲೆ ಆಸ್ಪತ್ರೆ. ಇದನ್ನು ಅವಳು ನನಗೆ ಎಷ್ಟೋ ಸಲ ಹೇಳಿದ್ದಳು. ಆಸಿಡ್ ಬಿದ್ದರೆ ನೀರು ಬಿಡದೆ ಹೊಯ್ಯುತ್ತಲೇ ಇರಬೇಕು, ನಡುವೆ ನಿಲ್ಲಿಸಿದಷ್ಟೂ ಅದು ಒಳಗೆ ತಿನ್ನುತ್ತದೆ. ಜೊತೆಗಾರರಲ್ಲೊಬ್ಬ ಆಟೋ ತರಲು ಓಡಿದ. ಚಿಕ್ಕಮ್ಮ ಶರಣಪ್ಪನ ತಲೆಯನ್ನು ತನ್ನ ತೊಡೆಗೆ ಒರಗಿಸಿಕೊಂಡು, ಎರಡು ಬೆರಳಲ್ಲಿ ರೆಪ್ಪೆ ಬಿಡಿಸಿ ಹಿಡಿದಳು. ನಾನು ಡ್ರಮ್ಮಿನಿಂದ ಮಗ್ಗು ಮುಳುಗಿಸಿ ಮುಳುಗಿಸಿ ಹೊಯ್ದೆ. ಅವಳು ಪ್ರಾರ್ಥಿಸುತ್ತಿದ್ದಳು. "ಯೇಸುವೇ, ಈ ಕಣ್ಣು ನೀನು ಮಾಡಿದ್ದು, ನೀನೇ ಕಾಯಿ. ಯೇಸುವೇ, ಈ ಕಣ್ಣು ನೀನು ಮಾಡಿದ್ದು." ಅವನನ್ನು ಅವಳು ಕೇಳಿದ್ದಳೇ? ಬಾಗಿಲ ಮಾತು ಅವತ್ತು ನಡೆದ ನೆನಪು ನನಗಿಲ್ಲ. ಅವನು ಕೇಳಿಸಿಕೊಳ್ಳುವ ಸ್ಥಿತಿಯಲ್ಲೂ ಇರಲಿಲ್ಲ.

ಗಲ್ಲಿಯ ಮೂಲೆಯ ಟೀ ಅಂಗಡಿಯಲ್ಲಿದ್ದವರು ಅದನ್ನು ಕಂಡರು. ಬಗ್ಗಿದ ತಲೆ, ನೀರು, ಯೇಸುವಿನ ಹೆಸರು. ಏಳೆಂಟು ಜನ ಬಂದರು, ಗಂಗರಾಜು ಎಲ್ಲರಿಗೂ ಹಿಂದೆ. "ಮತ್ತೆ ಶುರು ಅಚ್ಕಂಡ್ಳು ನೋಡ್ ಮಗಾ" ಎಂದು ಒಬ್ಬ. ಆಸಿಡ್, ಆಸಿಡ್ ಬಿದ್ದಿದೆ ಎಂದು ನಾನು ಕಿರುಚಿದೆ. ಕಿರುಚಿದೆ ಎಂದೇ ನನ್ನ ನೆನಪು. ಒಬ್ಬ ನನ್ನ ಜುಟ್ಟು ಹಿಡಿದು ಎಳೆದ, ಮಗ್ಗು ಕೈಜಾರಿ ಬಿತ್ತು. ಇನ್ನೊಬ್ಬ ರೂಮಿಗೆ ನುಗ್ಗಿ ಶಿಲುಬೆಯನ್ನು ಕಿತ್ತು ತಂದು ಕಲ್ಲಿಗೆ ಬಡಿದ. ಕಪಾಟು ಬಿದ್ದ ಸದ್ದು, ಔಷಧಿ ಬಾಟಲಿಗಳು ಒಡೆದ ಸದ್ದು ಕೇಳಿತು.

ಆಗ ಗಂಗರಾಜು ಮುಂದೆ ಬಂದು ಕೈ ಎತ್ತಿದ. ಎಲ್ಲರೂ ನಿಂತರು. ಅವನು ಶರಣಪ್ಪನ ಮುಖ ನೋಡಿದ್ದ. ನೋಡಿ ಅವನಿಗೂ ಹೆದರಿಕೆಯಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

"ಬಿಡ್ರೋ. ನೀರು ಆಕ್ಲಿ. ಬಾಯ್ ಮುಚ್ಕಂಡ್ ನೀರ್ ಆಕಿ ಸಿಸ್ಟರಮ್ಮ, ಯಾರೂ ಏನೂ ಮಾಡಲ್ಲ. ಆ ಹೆಸ್ರು ಮಾತ್ರ ಎತ್ತಬ್ಯಾಡಿ."

ನಾನು ಮಗ್ಗಿಗೆ ತಡಕಾಡುತ್ತಿದ್ದೆ. ಚಿಕ್ಕಮ್ಮ ತಲೆ ಎತ್ತಿ ಗಂಗರಾಜುವನ್ನು ನೋಡಿದಳು. ಆಮೇಲೆ ಮತ್ತೆ ಶರಣಪ್ಪನ ಮುಖದ ಮೇಲೆ ಬಗ್ಗಿ, "ಯೇಸುವೇ, ಈ ಕಣ್ಣು ನೀನು ಮಾಡಿದ್ದು" ಎಂದಳು. ದನಿ ಎತ್ತರಿಸಿದಳೋ, ಅಥವಾ ಸುತ್ತ ಮೌನವಿದ್ದದ್ದರಿಂದ ಹಾಗೆ ಕೇಳಿಸಿತೋ, ಹೇಳಲಾರೆ.

ಗಂಗರಾಜುವಿನ ಪಕ್ಕದಲ್ಲಿದ್ದವನು ಡ್ರಮ್ಮಿಗೆ ಒದ್ದ. ಅದು ಒಂದೇ ಸಲಕ್ಕೆ ಬೀಳಲಿಲ್ಲ. ಇನ್ನೊಬ್ಬನೂ ಸೇರಿ ದೂಡಿದ. ಅಷ್ಟೂ ನೀರು ಗಲ್ಲಿಯ ಇಳಿಜಾರಿನಲ್ಲಿ ಹರಿದು, ಶೆಡ್ಡುಗಳ ಎಣ್ಣೆ ಕಲೆಗಳ ಮೇಲೆ ಬಣ್ಣ ಬಣ್ಣವಾಗಿ ಹೋಯಿತು. ಚಿಕ್ಕಮ್ಮ ನೆಲದ ನೀರನ್ನೇ ಬೊಗಸೆಯಲ್ಲಿ ಎತ್ತಲು ಹೋದಳು. ಯಾರೋ ಪೈಪಿನ ತುಂಡಿನಿಂದ ಅವಳ ಕೈಗೆ ಬಾರಿಸಿದರು. ಮೂಳೆ ಮುರಿದದ್ದು ಒಣ ಕಡ್ಡಿ ಮುರಿದಂತೆ ಕೇಳಿಸಿತು. ಅವಳ ತೊಡೆಯಿಂದ ಜಾರಿದ ಶರಣಪ್ಪ ಎದ್ದು, ಏನೂ ಕಾಣದೆ, ಗಾಳಿಗೆ ಗುದ್ದುತ್ತಾ, ಗೋಡೆಗೆ ಮುಖ ಹೊಡೆದುಕೊಂಡು ಬಿದ್ದ. ಬಿದ್ದವನನ್ನೂ ಒಬ್ಬ ಒದ್ದ. ಅವನ ಜೊತೆಗಾರ ಕಬ್ಬಿಣದ ಕೊಕ್ಕೆ ಹಿಡಿದು ತಿರುಗಿಬಿದ್ದಾಗ ಅವನನ್ನು ಕೆಡವಿಕೊಂಡು ತುಳಿದರು. ಇದೆಲ್ಲ ಎಷ್ಟು ಹೊತ್ತು ನಡೆಯಿತೋ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನಗೆ ಕಾಣುವುದು ಒಂದೇ: ಯಾರೂ ನೀರು ಹಾಕುತ್ತಿಲ್ಲ.

ಅಷ್ಟರಲ್ಲಿ ಶರಣಪ್ಪನ ಹೆಂಡತಿ ಮಹಾದೇವಿ ಹಿಂದಿನ ಸಾಲಿನ ಕೋಣೆಯಿಂದ ಓಡಿ ಬಂದಳು, ಸೊಂಟದಲ್ಲಿ ತುಂಬಿದ ಕೊಡ. ಯಾರೋ ಅವಳಿಗೆ ಆಸಿಡ್ ಎಂದಷ್ಟೇ ಹೇಳಿದ್ದರು. ಆ ಗುಂಪಿನ ನಡುವೆ ನುಗ್ಗಿ, ಗಂಡನ ಎದೆಯ ಮೇಲೆ ಮೊಣಕಾಲೂರಿ, ಒಂದೂ ಮಾತಿಲ್ಲದೆ ಮುಖಕ್ಕೆ ನೀರು ಹೊಯ್ದಳು. ಕೊಡ ಖಾಲಿಯಾದಾಗ ಕತ್ತು ತಿರುಗಿಸಿ ಗಲ್ಲಿಯ ಕಡೆಗೆ ಕೂಗಿದಳು.

"ನೀರು ತರ್ರೇ ಯವ್ವಾ, ಇದ್ದಷ್ಟು ತರ್ರೇ."

ಸಾಲು ಕೋಣೆಗಳಿಂದ ಹೆಂಗಸರು ಬಂದರು. ಟ್ಯಾಂಕರ್ ಮುಂದೆ ಒಬ್ಬರ ತಲೆ ಒಬ್ಬರು ಒಡೆದುಕೊಂಡಿದ್ದವರೇ. ಕುಡಿಯಲು ಇಟ್ಟುಕೊಂಡಿದ್ದ ಕೊಡ, ಬಿಂದಿಗೆ, ಅಡುಗೆಯ ಪಾತ್ರೆ. ಒಬ್ಬರಾದ ಮೇಲೆ ಒಬ್ಬರು ಹೊಯ್ದರು. ಚಿಕ್ಕಮ್ಮ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ಅವನ ರೆಪ್ಪೆ ಬಿಡಿಸುತ್ತಾ, ಇನ್ನೂ ಹಾಕು, ಪಕ್ಕದಿಂದ ಹಾಕು ಎನ್ನುತ್ತಿದ್ದಳು. ಅಷ್ಟು ಬಿಟ್ಟು ಬೇರೆ ಮಾತು ಅವಳ ಬಾಯಿಂದ ಬರಲಿಲ್ಲ. ನೋವಿಗೆ ಹಲ್ಲು ಕಚ್ಚಿಕೊಂಡಿದ್ದಳೋ ಏನೋ. ಗಂಗರಾಜುವಿನ ಹುಡುಗರು ಪಕ್ಕಕ್ಕೆ ಸರಿದು ನಿಂತಿದ್ದರು. ಆ ಹೆಂಗಸರನ್ನು ಯಾರೂ ತಡೆಯಲಿಲ್ಲ. ಆ ಹೆಸರಿಲ್ಲದೆ ಹೊಯ್ದ ನೀರಿಗೆ ಅವರು ಜಾಗ ಬಿಟ್ಟರು. ಈ ವಿವರ ಒಂದನ್ನು ನಾನು ತಪ್ಪು ನೆನಪಿಟ್ಟುಕೊಂಡಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಕೊನೆಗೆ ಆಟೋ ಬಂತು, ಅವನನ್ನು ಆಸ್ಪತ್ರೆಗೆ ಸಾಗಿಸಿದೆವು. ಬಲಗಣ್ಣು ಉಳಿಯಿತು. ಎಡಗಣ್ಣು ಹೋಯಿತು. ದೊಡ್ಡಾಸ್ಪತ್ರೆಯ ಡಾಕ್ಟರು, ನೀರು ಹಾಕಿದ್ದೇ ಉಳಿಸಿದ್ದು, ನಡುವೆ ನಿಲ್ಲಿಸಬಾರದಿತ್ತು ಎಂದರು. ಪೊಲೀಸ್ ಸ್ಟೇಷನ್ನಿನಲ್ಲಿ ಹೊಡೆದವರ ಬಗ್ಗೆ ಕೇಳಿದ್ದಕ್ಕಿಂತ ಹೆಚ್ಚಾಗಿ, ಕೈಗೆ ಪ್ಲಾಸ್ಟರ್ ಹಾಕಿಕೊಂಡು ಕೂತಿದ್ದ ಚಿಕ್ಕಮ್ಮನನ್ನೇ ಎಷ್ಟು ಜನರನ್ನು ಮತಾಂತರ ಮಾಡಿದ್ದೀರಿ ಎಂದು ಕೇಳಿದರು. ವಾಚ್‌ಮನ್ ಒಬ್ಬ ಇದ್ದಾನೆ, ಅವನೂ ಇನ್ನೂ ತೀರ್ಮಾನ ಮಾಡಿಲ್ಲ ಎಂದಳು. ರೂಮಿಗೆ ಬೇರೆ ಬೀಗ ಬಿತ್ತು. ಮುಂಗಾರು ತಡವಾಗಿ ಬಂತು. ನನ್ನ ಕಾಲೇಜು ಶುರುವಾಯಿತು, ನಾನು ಹೊರಟೆ.

ಹನುಮಕ್ಕ ಮಾತ್ರ ಮಳೆ ಹಿಡಿದ ಮೇಲೆ ಹೇಳಿಕಳಿಸಿದಳು, ಕಾಲು ಮತ್ತೆ ಕೀವು ಕಟ್ಟಿತ್ತು. ಚಿಕ್ಕಮ್ಮ ಹೋದಳಂತೆ, ಬಾಗಿಲಲ್ಲೇ ಗಂಗರಾಜು ನಿಂತಿದ್ದರೂ. ಗಟ್ಟಿಯಾಗಿ ಮಾಡಲೋ ಮನಸ್ಸಲ್ಲೋ ಎಂದು ಕೇಳಿದ್ದಕ್ಕೆ ಮುದುಕಿ, "ಗಟ್ಟಿಯಾಗೇ ಮಾಡವ್ವ, ಬಾಗ್ಲಲ್ಲಿ ನಿಂತವ್ನಲ್ಲ ಅವ್ನಿಗೂ ಕೇಳ್ಲಿ" ಅಂದಳಂತೆ. ಇದನ್ನು ನನಗೆ ಹೇಳಿದ್ದು ಚಿಕ್ಕಮ್ಮನೇ, ನಾನು ಕಣ್ಣಾರೆ ಕಂಡದ್ದಲ್ಲ.

ಈಗ ಅವಳು ಮಾಕಳಿಯ ಮನೆಯ ಜಗುಲಿಯಲ್ಲೇ ಪಟ್ಟಿ ಹಾಕುತ್ತಾಳೆ. ಆ ಮಣಿಕಟ್ಟು ಸರಿಯಾಗಿ ಕೂಡಿಕೊಳ್ಳಲಿಲ್ಲ, ಕತ್ತರಿಯನ್ನು ಎಡಗೈಗೆ ಬದಲಾಯಿಸಿಕೊಂಡಿದ್ದಾಳೆ. ಮೆಟ್ಟಿಲಿನ ಆಸಿಡ್ ವಾಸನೆ ಮೂಗಿನಿಂದ ಹೋಗದೆ ಕಳೆದ ಭಾನುವಾರ ನಾನು ಅಲ್ಲಿಗೆ ಹೋದೆ. ಶರಣಪ್ಪ ಬಂದಿದ್ದ. ಹತ್ತಿರದ ಗೋಡೌನಿನಲ್ಲಿ ಅವನಿಗೆ ಕಾವಲು ಕೆಲಸ. ಉಳಿದ ಕಣ್ಣು ಒಣಗಿ ಉರಿಯುತ್ತದೆಂದು ತೊಟ್ಟು ಔಷಧಿ ಹಾಕಿಸಿಕೊಳ್ಳಲು ಬರುತ್ತಾನೆ. ಕೊರಳಲ್ಲಿ ಅವನ ಮನೆದೇವರ ದಾರ ಹಾಗೇ ಇದೆ. ಅವಳು ಬಾಟಲಿ ಎತ್ತಿದಾಗ ಅವನು ಕತ್ತು ಹಿಂದಕ್ಕೆ ಚಾಚಿ, "ಇವತ್ತ ಜೋರಾಗಿ ಮಾಡ್ರಿ ಸಿಸ್ಟರ್, ಹೋದ ವಾರದ್ದು ನಿಮ್ಮ ದೇವರಿಗೆ ಕೇಳಿಸಿಲ್ಲ ಕಾಣ್ತದ" ಅಂದ. ಅವಳು ಅವನ ಹಣೆಗೆ ತಟ್ಟಿ, ಸುಮ್ಮನೆ ಮೇಲೆ ನೋಡು ಎಂದಳು. ಆಮೇಲೆ ಜೋರಾಗಿಯೇ ಪ್ರಾರ್ಥಿಸಿದಳು.

ಅವನು ಹೋದ ಮೇಲೆ ಇಬ್ಬರೇ ಕೂತಿದ್ದೆವು. ಇದನ್ನು ಕೇಳಬೇಕಾದದ್ದು ಡ್ರಮ್ಮು ಒದ್ದವನನ್ನು ಎಂದು ನನಗೆ ಗೊತ್ತು. ಗಂಗರಾಜು ತನ್ನ ಮಾತು ಉಳಿಸಿಕೊಳ್ಳುತ್ತಿದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಎಂಬುದೂ ಗೊತ್ತು. ಆದರೆ ಅವರ್ಯಾರೂ ನನ್ನವರಲ್ಲ, ಅವರ ಉತ್ತರ ನನಗೆ ಬೇಕಾಗಿಯೂ ಇಲ್ಲ. ಚಿಕ್ಕಮ್ಮ ಔಷಧಿ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ನಾನು ಕೇಳಿದೆ. ಅವಳ ಕೈ ನಿಂತಿತು. ಅವಳು ನನ್ನನ್ನು ನೋಡಿದಳು, ಅವತ್ತು ಗಂಗರಾಜುವನ್ನು ನೋಡಿದಷ್ಟೇ ಹೊತ್ತು. ಕೊನೆಯ ಬಸ್ಸಿನ ತನಕ ಕಾದೆ. ಆಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ, ಮಳೆಯ ಬಗ್ಗೆ, ಅಮ್ಮನ ಬಿ.ಪಿ. ಬಗ್ಗೆ. ನಾನು ಕೇಳಿದ್ದು ಇಷ್ಟೇ:

"ಬಾಯಿ ಮುಚ್ಚಿಕೊಂಡು ನೀರು ಹಾಕು ಅಂತ ಅವನು ಅಂದಾಗ ನೀನು ಸುಮ್ಮನಿದ್ದಿದ್ರೆ, ಶರಣಪ್ಪನ ಇನ್ನೊಂದು ಕಣ್ಣೂ ಉಳೀತಿತ್ತಾ ಚಿಕ್ಕಮ್ಮಾ?"